ಊರ ಗುಡ್ಡದ ಮೇಲೆ ವಿಮಾನ ಇಳಿಸಿದ್ದು

ವಿಮಾನ ಹಾರಿಸುವ ಕೆಲಸಕ್ಕೆ ಸೇರಿ ಎಂಟು ವರ್ಷ ಕಳೆದರೂ ನಾನು ನನ್ನೂರಿನ ಕಡೆಯ ವಿಮಾನ ನಿಲ್ದಾಣದಲ್ಲಿ ಒಮ್ಮೆಯೂ ವಿಮಾನ ಇಳಿಸಿರಲಿಲ್ಲ. ಹೇಳಿದರೆ ಕೆಲವರು ನಂಬುತ್ತಿರಲಿಲ್ಲ. ನಂಬಿದವರು ನಗುತ್ತಿದ್ದರು. ನಂಬದವರಿಗಿಂತ ನಗುವವರ ಮೇಲೆ ನನಗೆ ಹೆಚ್ಚು ಸಿಟ್ಟು.

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರು ವಿಮಾನ ಹತ್ತಬೇಕಾದರೆ ದಕ್ಷಿಣಕ್ಕೆ ಹೋಗಬೇಕು. ಅಲ್ಲಿ ಗುಡ್ಡದ ತಲೆ ಸವರಿ ರನ್‌ವೇ ಮಾಡಿದ್ದಾರೆ. ಎರಡೂ ತುದಿಯಲ್ಲಿ ನೆಲ ಥಟ್ಟನೆ ಮುಗಿದು ಕಣಿವೆ ಶುರುವಾಗುತ್ತದೆ. ಇಂಥ ಕಡೆ ಕೋ-ಪೈಲಟ್ ವಿಮಾನ ಇಳಿಸುವಂತಿಲ್ಲ ಎಂಬುದು ನಿಯಮ. ಎಡಗಡೆ ಸೀಟಿನ ಕ್ಯಾಪ್ಟನ್ನೇ ಇಳಿಸಬೇಕು. ಆ ಕ್ಯಾಪ್ಟನ್ನಿಗೂ ಅಲ್ಲಿಗೆಂದೇ ಬೇರೆ ಪರೀಕ್ಷೆ ಆಗಿರಬೇಕು. ನಾನು ಎಂಟು ವರ್ಷ ಬಲಗಡೆ ಸೀಟಿನ ಕೋ-ಪೈಲಟ್. ಬೇರೆ ಎಷ್ಟೋ ಊರುಗಳಲ್ಲಿ ಮಳೆಯಲ್ಲೂ ಗಾಳಿಯಲ್ಲೂ ಇಳಿಸಿದ್ದೇನೆ. ಊರಿಗೆ ಬಂದರೆ ಮಾತ್ರ ಅತಿಥಿಯ ಹಾಗೆ ಕೂರಬೇಕು.

ನಗುವವರಲ್ಲಿ ಮೊದಲನೆಯವರು ನನ್ನ ಮಾವ, ಅಮ್ಮನ ಅಣ್ಣ. ಕುಂದಾಪುರದಿಂದ ಹಾಲಾಡಿ ಮಾರ್ಗವಾಗಿ ಶಂಕರನಾರಾಯಣಕ್ಕೆ ಹೋಗುವ ಬಸ್ಸನ್ನು ಮೂವತ್ತು ವರ್ಷ ಓಡಿಸಿದವರು. ಮೊದಲು ಬೇರೆಯವರ ಬಸ್ಸಿಗೆ ಡ್ರೈವರ್, ಆಮೇಲೆ ಸ್ವಂತ ಬಸ್ಸಿಗೆ ತಾವೇ ಡ್ರೈವರ್. ನಾನು ಮುಂಬಯಿಯ ವಿಮಾನದಲ್ಲಿ ಬಂದು, ಒಂದು ದಿನ ರಜೆ ಸಿಕ್ಕಿ ಬ್ರಹ್ಮಾವರದ ನಮ್ಮ ಮನೆ ಮುಟ್ಟಿದರೆ ಸಾಕು, ಹಾಲಾಡಿಯಿಂದ ಫೋನು ಬರುತ್ತಿತ್ತು.

“ಇವತ್ತ್ ನೀ ಇಳ್ಸಿದ್ದಾ?”

“ಇಲ್ಲೆ ಮಾವ. ಕ್ಯಾಪ್ಟನ್ ಇಳ್ಸ್ದ್ರ್.”

“ಹಾಂಗಾರೆ ನೀ ಎಂತ ಮಾಡ್ದೆ?”

“ರೇಡಿಯೋ ಹಿಡ್ಕಂಡ್ ಮಾತಾಡ್ದೆ. ಚಕ್ರ ಬಿಟ್ಟೆ. ಎತ್ರ ಎಷ್ಟ್, ಸ್ಪೀಡ್ ಎಷ್ಟ್ ಅಂದ್ಹೇಳಿ ಕಂಡ್ ಹೇಳ್ದೆ.”

“ಅಷ್ಟೆಯಾ? ಅದ್ ಕಂಡಕ್ಟ್ರ್ ಕೆಲ್ಸ ಅಲ್ದಾ ಹೆಣೆ?”

ಹೆಣೆ ಎಂದರೆ ನಮ್ಮ ಕಡೆ ಹುಡುಗಿಯನ್ನು ಕರೆಯುವ ಸಲಿಗೆಯ ಮಾತು. ಫೋನಿನ ಆ ಬದಿಯಲ್ಲಿ ಅತ್ತೆ ನಗುವುದೂ ಕೇಳುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಮಾವನಿಗೆ ಅದು ಗೊತ್ತು, ಗೊತ್ತಿದ್ದೇ ಕೆಣಕುವುದು. ಆದರೆ ಬೇರೆ ಯಾರಾದರೂ ಅವರ ಎದುರು ನನ್ನನ್ನು ಕಂಡಕ್ಟರ್ ಎಂದಿದ್ದರೆ, ಹಾಗೆಂದವನ ಏಳೇಳು ತಲೆಮಾರನ್ನೂ ಮಾವ ಬಿಡುತ್ತಿರಲಿಲ್ಲ.

ನಾನು ಬೆಳೆದದ್ದೂ ಆ ಬಸ್ಸಿನಲ್ಲೇ ಎನ್ನಬೇಕು. ರಜೆಯಲ್ಲಿ ಅಜ್ಜಿಮನೆಗೆ ಹೋದರೆ ಮಾವನ ಪಕ್ಕ, ಇಂಜಿನ್ನಿನ ಮುಚ್ಚಳಕ್ಕೆ ಹಾಸಿದ ಬಿಸಿ ಬಿಸಿ ರೆಕ್ಸಿನ್ನಿನ ಮೇಲೆ ಕೂತು ದಿನಕ್ಕೆ ಮೂರು ಟ್ರಿಪ್ಪು ಹೋಗುತ್ತಿದ್ದೆ. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಟೈಮು ಎಂದರೆ ಜೀವ. ಹಾಲಾಡಿ ಪೇಟೆಯಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಡ್ರೈವರು ಇಳಿದು ಬಂದು ಜಗಳ ತೆಗೆಯುತ್ತಾನೆ. ತಡವಾದರೆ ಮುಂದೆ ಎಲ್ಲಿಯಾದರೂ, ಹೇಗಾದರೂ, ಆ ಎರಡು ನಿಮಿಷವನ್ನು ಗಿಟ್ಟಿಸಿಕೊಳ್ಳಲೇಬೇಕು. ಸ್ಟಾಪು ದಾಟಿದ ಮೇಲೆ ಯಾರು ಕೂಗಿ ಓಡಿ ಬಂದರೂ ಮಾವ ಬಸ್ಸನ್ನು ಹಿಂದೆ ತೆಗೆದದ್ದಿಲ್ಲ. ಹಿಂದೆ ತೆಗೆಯುವುದು, ತಿರುಗಿಸುವುದು, ಒಂದೇ ಕೆಲಸಕ್ಕೆ ಎರಡು ಸಲ ಕೈ ಹಾಕುವುದು, ಇವೆಲ್ಲ ಅವರ ಲೆಕ್ಕದಲ್ಲಿ ಡ್ರೈವಿಂಗ್ ಬಾರದವರ ಲಕ್ಷಣ. ಇದು ನನ್ನ ರಕ್ತಕ್ಕೂ ಎಷ್ಟು ಇಳಿದಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂಬತ್ತನೆಯ ವರ್ಷ ನಾನು ಕ್ಯಾಪ್ಟನ್ ಆದೆ. ಬೇರೆ ಊರುಗಳಿಗೆ ಹಾರಿಸಿ ಹಾರಿಸಿ ಅನುಭವ ಸಾಕಷ್ಟಾದ ಮೇಲೆ ನಮ್ಮ ಗುಡ್ಡದ ಪರೀಕ್ಷೆಗೆ ಕರೆ ಬಂತು. ಪರೀಕ್ಷೆಯ ಕ್ರಮ ಸರಳ. ಹಿರಿಯ ಕ್ಯಾಪ್ಟನ್ ಒಬ್ಬರು ಬಲಗಡೆ ಸೀಟಿನಲ್ಲಿ ಕೂತು ಕೋ-ಪೈಲಟ್ಟಿನ ಕೆಲಸ ಮಾಡುತ್ತಾರೆ. ಇಳಿಸುವವಳು ನಾನು, ತೀರ್ಮಾನಗಳೆಲ್ಲ ನನ್ನವು. ನಾನು ತಪ್ಪಿದ್ದೇನೆಂದು ಅವರು ಬಾಯಿ ಬಿಟ್ಟು ಎಚ್ಚರಿಸಬೇಕಾಗಿ ಬಂದರೆ, ಅಥವಾ ಕೈ ಹಾಕಬೇಕಾಗಿ ಬಂದರೆ, ಅಲ್ಲಿಗೆ ಮುಗಿಯಿತು.

ಮೊದಲ ಸಲ ನಾನು ಹಾಡುಹಗಲಲ್ಲೇ ಸೋತೆ. ಕೊನೆಯ ಘಟ್ಟದಲ್ಲಿ ವೇಗ ಸ್ವಲ್ಪ ಹೆಚ್ಚಿತ್ತು. ನಾನು ಸರಿಪಡಿಸುವ ಮೊದಲೇ ಪರೀಕ್ಷಕರು “ಸ್ಪೀಡ್” ಎಂದರು. ಒಂದೇ ಒಂದು ಪದ. ವಿಮಾನ ಹೂವಿನ ಹಾಗೆ ಇಳಿಯಿತು, ಆದರೂ ಕಾಗದದ ಮೇಲೆ ನಾನು ನಪಾಸು. ನಮ್ಮ ಕಂಪನಿಯಲ್ಲಿ ಇಂಥ ಪರೀಕ್ಷೆಗೆ ಎರಡೇ ಅವಕಾಶ. ಎರಡನೆಯದರಲ್ಲೂ ಸೋತರೆ ಮತ್ತೆ ಆ ಗುಡ್ಡದ ಹೆಸರು ಎತ್ತುವಂತಿಲ್ಲ. ಅಂದರೆ ದೇಶದ ಮುಕ್ಕಾಲು ಊರಿಗೆ ನಾನು ಕ್ಯಾಪ್ಟನ್, ನನ್ನೂರಿಗೆ ಮಾತ್ರ ಟಿಕೆಟು ಕೊಂಡು ಬರುವ ಪ್ರಯಾಣಿಕಳು. ಇದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಎರಡನೆಯ ಪರೀಕ್ಷೆ ಮಳೆಗಾಲ ಕಳೆದ ಮೇಲೆ, ಮುಂಬಯಿಯಿಂದ ಸಂಜೆ ಹೊರಡುವ ವಿಮಾನದಲ್ಲಿ ನಿಗದಿಯಾಯಿತು. ಮಾವ ಆಗ ನೆಂಟರ ಮದುವೆಗೆಂದು ಮುಂಬಯಿಗೆ ಬಂದಿದ್ದರು. ಹಿಂದಿನ ದಿನ ಫೋನು ಮಾಡಿ, ರೈಲಿನ ಟಿಕೆಟು ರದ್ದು ಮಾಡಿ ನನ್ನ ವಿಮಾನಕ್ಕೇ ಟಿಕೆಟು ತೆಗೆಸಿರುವುದಾಗಿ ಹೇಳಿದರು. ನನಗೆ ತಲೆ ಕೆಟ್ಟುಹೋಯಿತು.

“ಬ್ಯಾಡ ಮಾವ, ನಾಳೆ ನಂಗೆ ಪರೀಕ್ಷೆ. ನೀವ್ ರೈಲಂಗೇ ಬನಿ.”

“ನಿನ್ ಪರೀಕ್ಷೆ ನೀ ಬರಿ ಮಾರಾಯ್ತಿ. ನಾನ್ ಎಂತ ನಿನ್ ಹತ್ರ ಬಂದ್ ಕೂಕಂತ್ನಾ? ಹಿಂದ್ ಸೀಟಂಗೆ ಕೂಕಂಡ್ ಬತ್ತೆ.”

ಬೇಡವೆಂದಷ್ಟೂ ಅವರ ಹಟ ಹೆಚ್ಚುತ್ತದೆ. ಈ ಗುಣ ನನಗೂ ಅವರ ಕಡೆಯಿಂದಲೇ ಬಂದದ್ದು, ಹಾಗಾಗಿ ಸುಮ್ಮನಾದೆ.

ಅಂದಿನ ಪರೀಕ್ಷಕರು ಉತ್ತರದ ಕಡೆಯವರು, ನರೆತ ಮೀಸೆ, ಮಾತು ಬಹಳ ಕಡಿಮೆ. ಹೊರಡುವ ಮೊದಲು ಕಾಗದಗಳನ್ನು ನೋಡುವಾಗ ಒಂದೇ ಮಾತು ಹೇಳಿದರು: “ಅಲ್ಲಿ ದಾರಿ ತೋರಿಸುವ ರೇಡಿಯೊ ಕಿರಣಕ್ಕೆ ಇವತ್ತು ದುರಸ್ತಿ ದಿನ. ಕಣ್ಣಿನಲ್ಲೇ ನೋಡಿ ಇಳಿಸಬೇಕು.” ಸಾಮಾನ್ಯವಾಗಿ ರನ್‌ವೇಯ ಬುಡದಿಂದ ಹೊರಡುವ ಒಂದು ರೇಡಿಯೊ ಕಿರಣ ನಮ್ಮೆದುರಿನ ಪರದೆಯಲ್ಲಿ ಮೇಲೆ, ಕೆಳಗೆ, ಎಡ, ಬಲ ಎಂದು ತೋರಿಸುತ್ತ ಕೈ ಹಿಡಿದು ಕರೆದೊಯ್ಯುತ್ತದೆ. ಅದಿಲ್ಲದ ದಿನ ಪೈಲಟ್ಟು ರನ್‌ವೇಯನ್ನು ಕಣ್ಣಾರೆ ಕಂಡು, ಎತ್ತರ, ದೂರ, ವೇಗಗಳನ್ನು ತಾನೇ ಹೊಂದಿಸಿ ಇಳಿಸಬೇಕು. ಹಗಲಿನಲ್ಲಿ ಇದು ಖುಷಿಯ ಕೆಲಸ. ಕತ್ತಲಾದ ಮೇಲೆ, ಗುಡ್ಡದ ಮೇಲಿನ ರನ್‌ವೇಗೆ, ಪರೀಕ್ಷೆಯ ದಿನ ಎಂದರೆ ಬೇರೆಯೇ ಮಾತು.

ಮುಂಬಯಿ ಬಿಡುವಾಗಲೇ ಹದಿನೈದು ನಿಮಿಷ ತಡ. ನನ್ನೊಳಗಿನ ಬಸ್ಸಿನವಳು ಆಗಲೇ ಚಡಪಡಿಸತೊಡಗಿದಳು.

ದಾರಿಯಲ್ಲಿ ಮೋಡದ ಸುಳಿವಿಲ್ಲ. ಕಡಲತೀರವನ್ನು ಎಡಕ್ಕೆ ಬಿಟ್ಟುಕೊಂಡು ದಕ್ಷಿಣಕ್ಕೆ ಬರುತ್ತ ಬೈಂದೂರಿನ ಮೊದಲೇ ಇಳಿಯಲು ಶುರುಮಾಡಿದ್ದೆ. ಆಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಈ ದಾರಿಯಲ್ಲಿ ರಾತ್ರಿ ಬರುವಾಗಲೆಲ್ಲ ನಾನು ಬಲಗಡೆ ಕೂತಿದ್ದವಳು. ಬಲಗಡೆಗೆ ಬರೀ ಕಡಲು, ಅಲ್ಲಲ್ಲಿ ಮೀನಿನ ಬೋಟುಗಳ ದೀಪ. ಊರೆಲ್ಲ ಕ್ಯಾಪ್ಟನ್ನಿನ ಬದಿಗೆ. ಮುಂಬಯಿಗೆ ಮರಳುವಾಗ ಊರು ನನ್ನ ಬದಿಗೆ ಬರುತ್ತಿತ್ತು ನಿಜ, ಆದರೆ ಅದು ಬೆಳಗಿನ ಬಿಸಿಲಿನಲ್ಲಿ. ನನ್ನೂರನ್ನು ಅದರ ದೀಪಗಳಲ್ಲಿ ನಾನು ಮೇಲಿನಿಂದ ನೋಡಿಯೇ ಇರಲಿಲ್ಲ!

ನೋಡಿದೆ. ಬೈಂದೂರು ಹಿಂದೆ ಸರಿಯಿತು. ಮರವಂತೆಯಲ್ಲಿ ಹೆದ್ದಾರಿಯ ದೀಪಗಳು ಒಂದೇ ಗೆರೆಯಾಗಿ ಎರಡು ಕತ್ತಲುಗಳ ನಡುವೆ ಹಾದುಹೋಗಿದ್ದವು; ಒಂದು ಕತ್ತಲು ಕಡಲು, ಇನ್ನೊಂದು ಹೊಳೆ. ಆಮೇಲೆ ಕುಂದಾಪುರ. ಅಲ್ಲಿಂದ ಒಳನಾಡಿಗೆ ಬಿಡಿ ಬಿಡಿ ದೀಪ, ಅದರಲ್ಲಿ ಹಾಲಾಡಿ ಯಾವುದೋ. ಇಷ್ಟು ಚೆಂದದ ಊರಿನವಳು ನಾನು ಎಂದು ಪಕ್ಕದಲ್ಲಿದ್ದವರಿಗೆ ಹೇಳಬೇಕೆನ್ನಿಸಿತು. ಪಕ್ಕದಲ್ಲಿದ್ದವರು ನರೆತ ಮೀಸೆ, ಆದ್ದರಿಂದ ಹೇಳಲಿಲ್ಲ.

ಅಷ್ಟರಲ್ಲಿ ನಿಲ್ದಾಣದ ನಿಯಂತ್ರಕರು ರೇಡಿಯೊದಲ್ಲಿ ಕರೆದು, ಎದುರು ಬೇರೆ ವಿಮಾನವಿಲ್ಲ, ಬೇಕಾದರೆ ದೂರದ ಸುತ್ತು ಬಿಟ್ಟು ನೇರ ಹತ್ತಿರದ ದಾರಿಯಲ್ಲಿ ಬನ್ನಿ ಎಂದರು. ನಾಲ್ಕು ನಿಮಿಷ ಉಳಿತಾಯ. ಶಾಂತವಾಗಿ ಯೋಚಿಸಿದ್ದರೆ, ದಾರಿ ಗಿಡ್ಡವಾದರೆ ಅದೇ ಎತ್ತರವನ್ನು ಇನ್ನೂ ಬೇಗ ಇಳಿಯಬೇಕು, ನಾನು ಆಗಲೇ ಎತ್ತರದಲ್ಲಿದ್ದೇನೆ, ಬೇಡ ಎನ್ನಬೇಕಿತ್ತು. ಆದರೆ ಹಾಲಾಡಿ ಬಸ್ಸಿನಲ್ಲಿ ಬೆಳೆದವಳಿಗೆ ನಾಲ್ಕು ನಿಮಿಷ ಧರ್ಮಕ್ಕೆ ಸಿಕ್ಕರೆ ಬಿಡಲು ಮನಸ್ಸು ಬಂದೀತೇ? ಒಪ್ಪಿಕೊಂಡೆ. ಪರೀಕ್ಷಕರು ನಿಯಂತ್ರಕರಿಗೆ ಹಾಗೆಂದು ತಿಳಿಸಿದರು.

ಒಪ್ಪಿದ ಮೇಲೆ ಕೂಡಲೇ ವೇಗ ಇಳಿಸಿ, ಚಕ್ರ ಬಿಡಿಸಿ, ಎತ್ತರ ಕಳೆದುಕೊಳ್ಳಬೇಕಿತ್ತು. ನಾನು ಮಾಡಿದ್ದೇನು? ಕೆಳಗೆ ಹಂಗಾರಕಟ್ಟೆಯ ಅಳಿವೆ ಬಂದಿತ್ತು. ಹೊಳೆ ಕಡಲಿಗೆ ಸೇರುವಲ್ಲಿ ಬೋಟು ಕಟ್ಟುವ ಅಂಗಳದ ಬಿಳಿ ದೀಪಗಳು ಕಂಡವು. ಅಲ್ಲಿಂದ ನಮ್ಮ ಮನೆಗೆ ಸೈಕಲ್ಲಿನ ದಾರಿ. ಅಮ್ಮ ಈಗ ಅಡುಗೆಮನೆಯಲ್ಲಿ ಏನು ಮಾಡುತ್ತಿರಬಹುದು ಎಂದುಕೊಂಡು ಮನೆಯ ದೀಪ ಹುಡುಕುತ್ತ ಅರ್ಧ ನಿಮಿಷ ಕಳೆದೆ. ಅರ್ಧ ನಿಮಿಷವಷ್ಟೇ. ವಿಮಾನದಲ್ಲಿ ಅದು ಒಂದೂರಿನಿಂದ ಇನ್ನೊಂದೂರು.

ಎಚ್ಚರಾಗಿ ತಿರುಗಿ ಎದುರು ನೋಡಿದೆ. ಕಡಲ ಮೇಲಿನಿಂದ ಎಡಕ್ಕೆ ಹೊರಳಿ ಗುಡ್ಡಕ್ಕೆ ಮುಖ ಮಾಡಿದಾಗ ರನ್‌ವೇ ದೀಪಗಳು ನಾನು ಬಯಸಿದ್ದಕ್ಕಿಂತ ಬಹಳ ಕೆಳಗಿದ್ದವು. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲಿರುತ್ತದೆ. ನಾವು ಸರಿಯಾದ ಎತ್ತರದಲ್ಲಿದ್ದರೆ ಎರಡು ಬಿಳಿ, ಎರಡು ಕೆಂಪು ಕಾಣುತ್ತದೆ. ಮೇಲಿದ್ದರೆ ಎಲ್ಲ ಬಿಳಿ, ಕೆಳಗಿದ್ದರೆ ಎಲ್ಲ ಕೆಂಪು. ನನಗೆ ಕಂಡದ್ದು ನಾಲ್ಕೂ ಬಿಳಿ. ಹಲ್ಲು ಬಿಟ್ಟು ನಕ್ಕ ಹಾಗೆ.

ಚಕ್ರ ಬಿಡಲು ಹೇಳಿದೆ, ರೆಕ್ಕೆಯ ಮಡಿಕೆಗಳನ್ನು ಬಿಡಿಸಲು ಹೇಳಿದೆ, ಮೂಗು ತಗ್ಗಿಸಿದೆ. ಎತ್ತರ ಇಳಿಯಿತು, ಆದರೆ ಇಳಿಜಾರಿನಲ್ಲಿ ಬ್ರೇಕಿಲ್ಲದ ಗಾಡಿಯ ಹಾಗೆ ವೇಗ ಇಳಿಯಲೊಲ್ಲದು. ನಮ್ಮಲ್ಲಿ ಒಂದು ಗಡಿಯಿದೆ: ನೆಲದಿಂದ ಐನೂರು ಅಡಿಗೆ ಬರುವಷ್ಟರಲ್ಲಿ ವೇಗ, ಎತ್ತರ, ದಿಕ್ಕು ಎಲ್ಲ ಸರಿಯಿರಬೇಕು. ಇಲ್ಲದಿದ್ದರೆ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿ, ಸುತ್ತು ಹಾಕಿ, ಮೊದಲಿನಿಂದ ಬರಬೇಕು.

ಎಂಟುನೂರು ಅಡಿ. ಮೂರು ಬಿಳಿ, ಒಂದು ಕೆಂಪು. ವೇಗ ಹೆಚ್ಚು. ನನ್ನ ಕೈಗೆ ಗೊತ್ತಿತ್ತು, ಹೀಗೇ ಹಿಡಿದರೆ ಇಳಿಸಿಬಿಡಬಹುದು. ರನ್‌ವೇ ಸ್ವಲ್ಪ ಹೆಚ್ಚು ಖರ್ಚಾದೀತು, ಬ್ರೇಕು ಜೋರಾಗಿ ಒತ್ತಬೇಕಾದೀತು, ಆದರೂ ಆದೀತು. ಆದರೆ ರನ್‌ವೇಯ ಆ ತುದಿಯಲ್ಲಿ ಏನಿದೆ ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ತಿರುಗಿದರೆ? ಪರೀಕ್ಷೆಯ ದಿನ, ಹಿಂದೆ ಕೂತ ಮಾವನ ಎದುರು, ಒಂದೇ ಕೆಲಸಕ್ಕೆ ಎರಡು ಸಲ ಕೈ ಹಾಕಿದ ಹಾಗೆ. ನಾಚಿಕೆಯಿಂದ ಮುಖ ಉರಿಯಿತು. ಆರುನೂರು ಅಡಿ. ವೇಗ ಇನ್ನೂ ಹೆಚ್ಚು. ಎರಡನೆಯ ಸಲ ಸೋತರೂ ಸರಿ, ನಾಳೆ ಈ ಕೆಲಸವೇ ಹೋದರೂ ಸರಿ, ಬೆನ್ನ ಹಿಂದೆ ಕೂತವರನ್ನು ಕರೆದುಕೊಂಡು ಹೀಗೆ ಇಳಿಯಲಾರೆ ಎನ್ನಿಸಿತು.

“ಗೋ ಅರೌಂಡ್” ಎಂದೆ. ಇಂಜಿನ್ನುಗಳಿಗೆ ಪೂರ್ತಿ ಬಲ ಕೊಟ್ಟೆ. ವಿಮಾನ ಒಮ್ಮೆ ನಡು ನೆಟ್ಟಗೆ ಮಾಡಿಕೊಂಡು ಮೇಲೇರಿತು. ಕೆಳಗೆ ರನ್‌ವೇ ದೀಪಗಳು ನಮ್ಮ ಹೊಟ್ಟೆಯಡಿ ಹಾದು ಹಿಂದೆ ಹೋದವು. ಪರೀಕ್ಷಕರು ಚಕ್ರ ಮೇಲೆತ್ತಿದರು, ನಿಯಂತ್ರಕರಿಗೆ ತಿಳಿಸಿದರು, ಅಷ್ಟೆ. ಪ್ರಯಾಣಿಕರಿಗೆ ನಾನೇ ಮೈಕಿನಲ್ಲಿ, ಇನ್ನೊಂದು ಸುತ್ತು ಬಂದು ಇಳಿಯುತ್ತೇವೆ, ಗಾಬರಿ ಬೇಡ ಎಂದೆ. ಕನ್ನಡದಲ್ಲೂ ಹೇಳಿದೆ. ದನಿ ನಡುಗಲಿಲ್ಲ. ಈಗಲೂ ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಎರಡನೆಯ ಸಲ ಗಿಡ್ಡ ದಾರಿ ಕೇಳಲಿಲ್ಲ. ಕಡಲಿನ ಮೇಲೆ ದೂರ ಹೋಗಿ, ಅಲ್ಲೇ ವೇಗ ಇಳಿಸಿ, ಅಲ್ಲೇ ಚಕ್ರ ಬಿಟ್ಟು, ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ಹೊರಳಿದೆ. ಎಡಗಡೆಯ ಊರನ್ನು ನೋಡಲಿಲ್ಲ. ಈ ಸಲ ಬೇರೆಯೇ ತೊಂದರೆ. ರನ್‌ವೇಗೂ ನನಗೂ ನಡುವೆ ಕಣಿವೆ, ಅದರಲ್ಲಿ ಒಂದು ದೀಪವೂ ಇಲ್ಲ. ಸುತ್ತ ಕಪ್ಪು, ಆ ತುದಿಯಲ್ಲಿ ಗುಡ್ಡದ ಮೇಲೆ ರನ್‌ವೇ ದೀಪ. ಇಂಥ ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತದೆ. ಸರಿಯಾದ ಎತ್ತರದಲ್ಲಿದ್ದರೂ ಮೇಲಿದ್ದೇನೆ, ಇನ್ನೂ ಇಳಿ, ಇನ್ನೂ ಇಳಿ ಎನ್ನುತ್ತದೆ. ಮೊದಲ ಸಲ ನಿಜವಾಗಿ ಮೇಲಿದ್ದು ಪೆಟ್ಟು ತಿಂದವಳಿಗಂತೂ ಹಾಗೆ ಅನ್ನಿಸುವುದು ಇನ್ನೂ ಜಾಸ್ತಿ. ಮೈಯೆಲ್ಲ ಮೂಗು ತಗ್ಗಿಸು ಎನ್ನುತ್ತಿತ್ತು. ಪಕ್ಕದ ಸಾಲಿನಲ್ಲಿ ಎರಡು ಬಿಳಿ, ಎರಡು ಕೆಂಪು. ನಾನು ಮೈಯ ಮಾತು ಕೇಳಲಿಲ್ಲ, ದೀಪದ ಮಾತು ಕೇಳಿದೆ. ಸಾವಿರ ಅಡಿ, ಎರಡು ಬಿಳಿ, ಎರಡು ಕೆಂಪು. ಐನೂರು ಅಡಿ, ವೇಗ ಸರಿ, ದಿಕ್ಕು ಸರಿ, ಎರಡು ಬಿಳಿ, ಎರಡು ಕೆಂಪು. ಪಕ್ಕದ ಸೀಟಿನಿಂದ ಎತ್ತರದ ಲೆಕ್ಕ ಬಿಟ್ಟರೆ ಒಂದು ಸೊಲ್ಲಿಲ್ಲ. ಗುಡ್ಡದ ಅಂಚು ಕೆಳಗೆ ಬಂತು, ರನ್‌ವೇ ಅಗಲವಾಯಿತು, ನಾನು ಮೂಗು ತುಸುವೇ ಎತ್ತಿದೆ. ಎಲ್ಲಿ ಮುಟ್ಟಬೇಕೋ ಅಲ್ಲಿಯೇ ಚಕ್ರ ನೆಲ ಮುಟ್ಟಿತು.

ಒಂಬತ್ತು ವರ್ಷಕ್ಕೆ, ಯಾರೂ ಎಚ್ಚರಿಸದೆ! ಕೂಗಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡು ಬ್ರೇಕು ಒತ್ತಿದೆ.

ವಿಮಾನ ನಿಂತು ಬಾಗಿಲು ತೆರೆದ ಮೇಲೆ ಪ್ರಯಾಣಿಕರನ್ನು ಬೀಳ್ಕೊಡಲು ಹೋಗಿ ನಿಂತೆ. ಕೆಲವರು ಥ್ಯಾಂಕ್ಸ್ ಎಂದರು, ಕೆಲವರು ಮುಖ ಗಂಟಿಕ್ಕಿಕೊಂಡು ಇಳಿದರು. ಕೊನೆಗೆ ಮಾವ ಬಂದರು. ಮದುವೆಮನೆಯ ಸ್ವೀಟಿನ ಡಬ್ಬಿ ಎದೆಗೊತ್ತಿ ಹಿಡಿದಿದ್ದರು. ಮುಖ ಕೆಂಪಾಗಿತ್ತು. ತಿರುಗಿದ್ದಕ್ಕೆ ನನಗೆ ಮಂಗಳಾರತಿ ಖಂಡಿತ ಎಂದುಕೊಂಡೆ.

“ನನ್ ಹತ್ರ ಕೂಕಂಡ್ ಗಂಡ್ ಹೇಳ್ತಾ, ಪೈಲಟ್ಟಿಗೆ ಇಳ್ಸುಕೆ ಬತ್ತಿಲ್ಲೆ ಅಂದ್ಹೇಳಿ. ನಂಗ್ ಸಿಟ್ಟ್ ಬಂತ್ ಕಾಣ್.”

“ನೀವ್ ಎಂತ ಹೇಳ್ದ್ರಿ ಮಾವ?”

“ಎಂತ ಹೇಳುದ್? ಅವ್ಳ್ ನನ್ ಸೊಸಿ, ಬತ್ತಿಲ್ದಿದ್ರೆ ತಿರ್ಗ್ಸ್ತಿದ್ಲಾ, ಹಾಂಗೇ ಕೊಂಡ್ಹೋಯಿ ನೆಲಕ್ಕ್ ಹೊಡಿತಿದ್ಲ್ ಅಂದೆ.” ಸ್ವಲ್ಪ ತಡೆದು, ದನಿ ತಗ್ಗಿಸಿ, “ಪಾಸಾ?” ಎಂದರು.

“ಗೊತ್ತಿಲ್ಲೆ ಮಾವ. ಇನ್ನೂ ಹೇಳ್ಲಿಲ್ಲೆ.”

“ನಾನ್ ಹೊರ್ಗ್ ನಿಂತ್ಕಂತೆ” ಎಂದು ಇಳಿದುಹೋದರು.

ನಾನು ಒಳಗೆ ಹೋದೆ. ಪರೀಕ್ಷಕರು ಬಲಗಡೆ ಸೀಟಿನಲ್ಲೇ ಕೂತು, ತಲೆಯ ಮೇಲಿನ ಸಣ್ಣ ದೀಪದಡಿ ಕಾಗದ ತುಂಬುತ್ತಿದ್ದರು. ನಾನು ನನ್ನ ಸೀಟಿನಲ್ಲಿ ಕೂತೆ.

“ಗಿಡ್ಡ ದಾರಿ ಯಾಕೆ ಒಪ್ಪಿದಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ತಡವಾಗಿತ್ತು ಸರ್, ಟೈಮು ಹಿಡಿಯೋಣ ಎಂದು. ಆಮೇಲೆ ನಮ್ಮೂರಿನ ದೀಪ ನೋಡುತ್ತ ಅರ್ಧ ನಿಮಿಷ ಕಳೆದೆ. ಎರಡೂ ನನ್ನದೇ ತಪ್ಪು.”

ಅವರು ತಲೆಯೆತ್ತಲಿಲ್ಲ. ಇನ್ನೆರಡು ಸಾಲು ಬರೆದರು. ಪೆನ್ನು ಕೆಳಗಿಟ್ಟ ಮೇಲೆ ಹೇಳಿದರು: “ಆರುನೂರು ಅಡಿ ದಾಟಿದಾಗ ನಾನು ಬಾಯಿ ತೆರೆದಿದ್ದೆ. ಉಸಿರೂ ಎಳೆದುಕೊಂಡಿದ್ದೆ. ಅಷ್ಟರಲ್ಲಿ ನೀವೇ ಹೇಳಿದಿರಿ.”

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ‘ಪಾಸು’ ಎಂಬುದರ ಕೆಳಗೆ ಅವರ ಸಹಿ ಬಿದ್ದಿತ್ತು.

“ಇನ್ನೊಂದು ಕ್ಷಣ ತಡೆದಿದ್ದರೆ?” ಎಂದೆ.

“ನಾನು ಹೇಳುತ್ತಿದ್ದೆ. ನೀವು ಮತ್ತೆ ಇಲ್ಲಿಗೆ ಬರುತ್ತಿರಲಿಲ್ಲ.” ಅವರು ಟೋಪಿ ತೆಗೆದುಕೊಂಡು ಎದ್ದರು. “ಮುಂದಿನ ಸಲ ನಾನು ಬರುವುದಿಲ್ಲ, ಕ್ಯಾಪ್ಟನ್. ವಿಮಾನವನ್ನು ನೀವೇ ತನ್ನಿ.”

ಅವರು ಹೋದ ಮೇಲೆ ಒಬ್ಬಳೇ ಕೂತು ಆ ಕಾಗದವನ್ನು ಮೂರು ಸಲ ಓದಿದೆ. ‘ನಿರ್ಧಾರ ಸಕಾಲಿಕ, ಸ್ವಂತದ್ದು’ ಎಂಬ ಅರ್ಥದ ಒಂದು ಸಾಲು ಅದರಲ್ಲಿತ್ತು. ಅದರ ಮೇಲೆ ನನ್ನ ಕಣ್ಣೀರು ಬಿದ್ದು ಸಹಿ ಕಲಸಿಹೋದೀತೆಂದು ಹೆದರಿ, ಕಾಗದವನ್ನು ದೂರ ಹಿಡಿದುಕೊಂಡು, ಮನಸ್ಸು ತುಂಬುವಷ್ಟು ಅತ್ತೆ.